ಬೀಜದ ಚೀಲದ ಮೇಲೆ ಹೊಳೆಯುವ ಹಾಲೋಗ್ರಾಂ ಇದ್ದರೆ ಬೀಜ ಅಸಲಿಯೇ?

ಮುಂಗಾರಿನ ಹೊತ್ತಿಗೆ ಭಾಲ್ಕಿಯಿಂದ ನಮ್ಮ ಕಾಕಾ ವಾಟ್ಸಾಪ್‌ನಲ್ಲಿ ಸೋಯಾ ಬೀಜದ ಚೀಲದ ಫೋಟೊ ಕಳಿಸಿದರು. ಜತೆಗೊಂದು ಫಾರ್ವರ್ಡ್ ಮೆಸೇಜ್: ಕಾಮನಬಿಲ್ಲಿನಂತೆ ಹೊಳೆಯುವ ಸ್ಟಿಕರ್ ನಕಲು ಮಾಡಲು ಆಗುವುದೇ ಇಲ್ಲ, ಅದಿದ್ದರೆ ಕಣ್ಣುಮುಚ್ಚಿ ಕೊಳ್ಳಿ. "ಖರೇನೇನಪಾ?" ಎಂದು ಕೇಳಿದ್ದರು.

ಖರೆ ಅಲ್ಲ.

ಆ ಸ್ಟಿಕರ್‌ನಲ್ಲಿ ಏಳು ಬಣ್ಣದ ಶಾಯಿ ಇರುವುದಿಲ್ಲ. ಇರುವುದು ಪ್ಲಾಸ್ಟಿಕ್ ಮೇಲೆ ಒತ್ತಿದ ಸಣ್ಣ ಗೀರುಗಳು. ಒಂದು ಗೀರಿನಿಂದ ಇನ್ನೊಂದಕ್ಕೆ ಸುಮಾರು ಒಂದು ಮೈಕ್ರಾನ್ ದೂರ, ಅಂದರೆ ಒಂದು ಕೂದಲೆಳೆಯ ದಪ್ಪದಲ್ಲಿ ಐವತ್ತಕ್ಕೂ ಹೆಚ್ಚು ಗೀರು ಕೂರುತ್ತವೆ. ಬೆಳಕು ಬಿದ್ದಾಗ ಒಂದೊಂದು ಬಣ್ಣ ಒಂದೊಂದು ದಿಕ್ಕಿಗೆ ಚದುರುತ್ತದೆ. ಹಳೆಯ ಸಿ.ಡಿ. ಹೊಳೆಯುವುದೂ ಹೀಗೆಯೇ, ಅದರ ಸಾಲುಗಳ ಅಂತರ 1.6 ಮೈಕ್ರಾನ್.

ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವುದನ್ನು ನೋಡಿದ್ದೀರಲ್ಲ? ಕಟ್ಟಿಗೆಯ ಅಚ್ಚು ಒಂದೇ, ಬೊಂಬೆ ಎಷ್ಟು ಬೇಕಾದರೂ. ಹಾಲೋಗ್ರಾಂ ಕೂಡ ಅಚ್ಚಿನ ಕೆಲಸ. ಮೊದಲು ಗಾಜಿನ ಮೇಲಿನ ವಿಶೇಷ ಲೇಪದಲ್ಲಿ ಲೇಸರ್‌ನಿಂದ ಗೀರು ಮೂಡಿಸುತ್ತಾರೆ. ಅದರ ಮೇಲೆ ವಿದ್ಯುತ್ ಹಾಯಿಸಿ ನಿಕ್ಕಲ್ ಪದರ ಬೆಳೆಸಿ ಬಿಡಿಸಿದರೆ ಲೋಹದ ಅಚ್ಚು ಸಿದ್ಧ. ಅದನ್ನು ರೋಲರ್‌ಗೆ ಸುತ್ತಿ, ಬಿಸಿ ಮಾಡಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಒತ್ತುತ್ತಾ ಹೋಗುತ್ತಾರೆ. ಕನ್ನಡಿಯಂಥ ಹೊಳಪು ತೆಳುವಾದ ಅಲ್ಯೂಮಿನಿಯಂ ಲೇಪದ್ದು.

ಅಗ್ಗವಾಗಿ ಲಕ್ಷಗಟ್ಟಲೆ ಮಾಡಬಹುದು ಎಂಬುದೇ ಇದರ ಗುಣ, ಅದೇ ತೊಂದರೆಯೂ ಹೌದು. ಗೀರು ಮೇಲ್ಮೈಯಲ್ಲೇ ಇರುವುದರಿಂದ ಅದರಿಂದ ಮತ್ತೊಂದು ಅಚ್ಚು ತೆಗೆಯಬಹುದು. "ಜೆನ್ಯೂನ್" ಎಂದು ಬರೆದ ಸಿದ್ಧ ಸ್ಟಿಕರ್‌ಗಳಂತೂ ಯಾರು ಬೇಕಾದರೂ ಕೊಳ್ಳುವ ಸಾಮಾನು. ಇನ್ನು ಸ್ಟಿಕರ್ ಅಸಲಿಯೇ ಆಗಿದ್ದರೂ ಒಳಗಿನ ಬೀಜ ಮೊಳೆಯುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ.

ಹಾಗಾದರೆ ಏನು ನೋಡಬೇಕು? ಚೀಲಕ್ಕೆ ಹೊಲಿದ ಟ್ಯಾಗ್. ಪ್ರಮಾಣಿತ ಬೀಜಕ್ಕೆ ನೀಲಿ, ಫೌಂಡೇಶನ್ ಬೀಜಕ್ಕೆ ಬಿಳಿ. ಲಾಟ್ ನಂಬರ್, ಪರೀಕ್ಷೆಯ ದಿನಾಂಕ ಓದಿ. ಅದೇ ಲಾಟ್ ನಂಬರ್ ಬಿಲ್‌ನಲ್ಲೂ ಬರೆಸಿಕೊಳ್ಳಿ. ಸೋಯಾ ಪ್ರಮಾಣಿತ ಬೀಜದಲ್ಲಿ ಕನಿಷ್ಠ ಶೇ 70 ಮೊಳೆಯಬೇಕು. ಬಿತ್ತುವ ಮೊದಲೇ 100 ಕಾಳು ಎಣಿಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿ, ತೇವ ಆರದಂತೆ ಐದಾರು ದಿನ ಇಟ್ಟು ನೋಡಿ. (ಔಷಧಿ ಹಚ್ಚಿದ ಬೀಜವಾದರೆ ಕೈ ತೊಳೆಯಲು ಮರೆಯಬೇಡಿ.)

ಕಾಕಾನ ಗೋಣಿಯಲ್ಲಿ ಮೊಳೆತದ್ದು 58. ಚೀಲ, ಟ್ಯಾಗ್, ಬಿಲ್ ಮೂರನ್ನೂ ಹಿಡಿದು ಅವರು ರೈತ ಸಂಪರ್ಕ ಕೇಂದ್ರಕ್ಕೆ ಹೋದರು. ಹೊಲಕ್ಕೆ ಇನ್ನೂ ಕೂರಿಗೆ ಇಳಿದಿರಲಿಲ್ಲ.