ಪ್ರವಾದಿಯ ಮಾತು, ಜ್ಞಾನಿಯ ಮಾತು: ಹೀಬ್ರೂ ಗ್ರಂಥಗಳೂ ಕನ್ನಡ ಧರ್ಮಪ್ರಸಂಗವೂ

ನಾಂಪಲ್ಲಿಯ ಬೀದಿಗಳಲ್ಲಿ ಉರ್ದು, ತೆಲುಗು, ಮರಾಠಿ, ಕನ್ನಡಗಳು ಒಂದರ ಪಕ್ಕದಲ್ಲೊಂದು ಕೇಳಿಬರುವುದು ಹೈದರಾಬಾದಿನ ಕನ್ನಡಿಗರಿಗೆ ಹೊಸ ಸಂಗತಿಯೇನಲ್ಲ. ನಿಜಾಮರ ರಾಜ್ಯದ ಕನ್ನಡ ಜಿಲ್ಲೆಗಳಾಗಿದ್ದ ಬೀದರ, ಕಲಬುರಗಿ, ರಾಯಚೂರುಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಆ ಸೀಮೆಯಿಂದ ಬಂದು ನೆಲೆಸಿದ ಮನೆತನಗಳು ಈ ನಗರದಲ್ಲಿ ಉಳಿದುಕೊಂಡುವು. ಇಂತಹ ಬಹುಭಾಷಾ ನೆಲೆಯಲ್ಲಿ ಒಂದೇ ವಸ್ತುವಿಗೆ ಸಲ್ಲುವ ನಾಲ್ಕು ಶಬ್ದಗಳನ್ನು ಹೋಲಿಸಿ ನೋಡುವ ಅನುಕೂಲವಿದೆ. ಕ್ರೈಸ್ತರ ಸತ್ಯವೇದದ ಹಳೆಯ ಒಡಂಬಡಿಕೆಯಲ್ಲಿ ದೇವರ ಹೆಸರಿನಿಂದ ಮಾತನಾಡುವವನನ್ನು ತೆಲುಗು ಅನುವಾದವು ‘ಪ್ರವಕ್ತ’ ಎಂದೂ, ಮರಾಠಿಯು ‘ಸಂದೇಷ್ಟಾ’ ಎಂದೂ, ಉರ್ದುವು ‘ನಬಿ’ ಎಂದೂ, ಕನ್ನಡವು ‘ಪ್ರವಾದಿ’ ಎಂದೂ ಕರೆಯುತ್ತವೆ. ಯೂಸುಫೈನ್ ದರ್ಗಾವಿರುವ ನಾಂಪಲ್ಲಿಯಲ್ಲಿ ಯಾರಿಗೂ ಅಪರಿಚಿತವಲ್ಲದ ‘ನಬಿ’ ಎಂಬ ಅರಬೀ ಶಬ್ದವು ಮೂಲ ಹೀಬ್ರೂವಿನ ‘ನಾವೀ’ ಎಂಬುದಕ್ಕೆ ಸೋದರಶಬ್ದವಾಗಿದೆ.

ಈ ಹೋಲಿಕೆ ಕೇವಲ ನಿಘಂಟುಕಾರರ ಕುತೂಹಲಕ್ಕೆ ಸಂಬಂಧಿಸಿದುದಲ್ಲ. ಪ್ರವಾದಿಯೆಂದರೆ ಯಾರು ಎಂಬ ಕಲ್ಪನೆಯು ಸಭೆಯಲ್ಲಿ ಕುಳಿತವನ ಮನಸ್ಸಿನಲ್ಲಿ ಹೇಗಿರುವುದೋ ಅದಕ್ಕೆ ತಕ್ಕಂತೆ ಅವನು ಧರ್ಮಪ್ರಸಂಗವನ್ನು ಗ್ರಹಿಸುತ್ತಾನೆ. ಸುರಪುರ ಸೀಮೆಯವರಿಗೆ ಕೊಡೇಕಲ್ಲ ಬಸವಣ್ಣನ ಕಾಲಜ್ಞಾನವೂ, ತೆಲುಗರ ಒಡನಾಟವುಳ್ಳವರಿಗೆ ವೀರಬ್ರಹ್ಮೇಂದ್ರಸ್ವಾಮಿಯ ಕಾಲಜ್ಞಾನವೂ ಪರಿಚಿತ. ಆ ಸಂಸ್ಕಾರದಿಂದ ಬಂದ ಶ್ರೋತೃವು ಯೆಶಾಯನನ್ನೋ ಯೆರೆಮೀಯನನ್ನೋ ಮುಂದಾಗುವುದನ್ನು ಮೊದಲೇ ನುಡಿದ ಕಾಲಜ್ಞಾನಿಯೆಂದು ತಿಳಿಯುವುದು ಸಹಜವಾಗಿದೆ. ತಮಿಳು ಸತ್ಯವೇದದ ‘ತೀರ್ಘದರಿಸಿ’, ಎಂದರೆ ದೀರ್ಘದರ್ಶಿ, ಎಂಬ ಶಬ್ದವೂ ಇದೇ ಭಾವಕ್ಕೆ ಇಂಬುಗೊಡುತ್ತದೆ. ಹೀಬ್ರೂ ಗ್ರಂಥಗಳ ಸಾಕ್ಷ್ಯ ಬೇರೆಯಾಗಿದೆ. ವಿಮೋಚನಕಾಂಡದಲ್ಲಿ ಆರೋನನು ಮೋಶೆಗೆ ‘ನಾವೀ’ ಆಗುವನೆಂಬ ಮಾತಿದೆ. ಅಲ್ಲಿ ಅದರ ಅರ್ಥ ಮತ್ತೊಬ್ಬನ ಪರವಾಗಿ ಮಾತನಾಡುವವನು ಎಂದಷ್ಟೇ. ಈ ದೃಷ್ಟಿಯಿಂದ ಕನ್ನಡದ ‘ಪ್ರವಾದಿ’, ತೆಲುಗಿನ ‘ಪ್ರವಕ್ತ’ ಎರಡೂ ಮೂಲಕ್ಕೆ ಹತ್ತಿರವಾಗಿವೆ. ಮುಂಗಾಣ್ಕೆ ಪ್ರವಾದಿಯ ಕೆಲಸದಲ್ಲಿ ಇಲ್ಲದಿಲ್ಲ. ಆದರೆ ಅದು ತನ್ನ ಕಾಲದ ಜನರನ್ನು ಎಚ್ಚರಿಸುವುದಕ್ಕಾಗಿ ಬಂದುದು.

ಕ್ರಿ. ಪೂ. 8ನೆಯ ಶತಮಾನದ ಆಮೋಸನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಯೆಹೂದದ ತೆಕೋವದವನಾದ ಈತನು ಉತ್ತರದ ಇಸ್ರಾಯೇಲಿಗೆ ಹೋಗಿ ಎರಡನೆಯ ಯಾರೊಬ್ಬಾಮನ ಆಳಿಕೆಯಲ್ಲಿ ಮಾತನಾಡಿದನು. ಅವನ ಆಕ್ಷೇಪಣೆಗೆ ಗುರಿಯಾದವರಲ್ಲಿ ಧಾನ್ಯವ್ಯಾಪಾರಿಗಳೂ ಇದ್ದಾರೆ. ಅವರು ಕೊಳಗವನ್ನು ಕಿರಿದುಮಾಡಿ ತೂಕದ ಕಲ್ಲನ್ನು ಹಿರಿದುಮಾಡಿದವರು. ಹಬ್ಬ ಎಂದು ಮುಗಿಯುವುದೋ, ಅಂಗಡಿಯನ್ನು ಎಂದು ತೆರೆಯುವೆವೋ ಎಂದು ಕಾತರಿಸಿದವರು. ಆಮೋಸನನ್ನು ಭವಿಷ್ಯವಾದಿಯನ್ನಾಗಿ ಮಾತ್ರ ಬೋಧಿಸಿದರೆ ಕಳ್ಳತೂಕದ ವರ್ತಕನು ಪ್ರಸಂಗವನ್ನು ಕೇಳಿ ನೆಮ್ಮದಿಯಿಂದ ಮನೆಗೆ ಹೋಗಬಹುದು. ವ್ಯಾಖ್ಯಾನದ ತಪ್ಪು ನೀತಿಯ ತಪ್ಪಾಗಿ ಪರಿಣಮಿಸುವುದು ಇಲ್ಲಿಯೇ.

ಕ್ರೈಸ್ತ ಬೋಧಕನಿಗೆ ಇನ್ನೂ ಕಠಿನವಾದ ಸ್ಥಳ ಯೆಶಾಯನ 7ನೆಯ ಅಧ್ಯಾಯ. ಕ್ರಿ. ಪೂ. 735ರ ಸುಮಾರಿನಲ್ಲಿ ಅರಾಮ್ ಮತ್ತು ಇಸ್ರಾಯೇಲ್ ದೇಶಗಳ ಅರಸರು ಕೂಡಿ ಯೆರೂಸಲೇಮಿನ ಮೇಲೆ ದಂಡೆತ್ತಿ ಬಂದಾಗ, ಬೆದರಿದ ಅರಸ ಆಹಾಜನಿಗೆ ಯೆಶಾಯನು ಒಂದು ಗುರುತನ್ನು ಹೇಳುತ್ತಾನೆ: ಒಬ್ಬ ತರುಣಿ ಮಗುವನ್ನು ಹಡೆಯುವಳು, ಆ ಮಗುವಿಗೆ ಒಳ್ಳೆಯದು ಕೆಟ್ಟದ್ದರ ತಿಳಿವಳಿಕೆ ಬರುವುದರೊಳಗಾಗಿ ಆ ಇಬ್ಬರು ಅರಸರ ನಾಡು ಹಾಳಾಗುವುದು. ಇಲ್ಲಿ ಹೀಬ್ರೂವಿನಲ್ಲಿರುವ ‘ಅಲ್ಮಾ’ ಶಬ್ದಕ್ಕೆ ತರುಣಿಯೆಂದರ್ಥ. ಕ್ರಿಸ್ತಪೂರ್ವದಲ್ಲಿ ಯೆಹೂದ್ಯರೇ ಮಾಡಿದ ಗ್ರೀಕ್ ಅನುವಾದವು ಇದಕ್ಕೆ ‘ಪಾರ್ಥೆನೋಸ್’, ಎಂದರೆ ಕನ್ಯೆ, ಎಂಬ ಶಬ್ದವನ್ನು ಬಳಸಿತು. ಮತ್ತಾಯನ ಸುವಾರ್ತೆಯು ಆ ಗ್ರೀಕ್ ಪಾಠವನ್ನೇ ಹಿಡಿದು ಯೇಸುವಿನ ಜನನಕ್ಕೆ ಅನ್ವಯಿಸಿತು. 1947ರಲ್ಲಿ ಮೃತಸಮುದ್ರದ ಬಳಿಯ ಕುಮ್ರಾನ್ ಗವಿಯಲ್ಲಿ ದೊರೆತ ಯೆಶಾಯನ ಸುರುಳಿಯು ಅದುವರೆಗೆ ತಿಳಿದಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು; ಅದರಲ್ಲಿಯೂ ‘ಅಲ್ಮಾ’ ಎಂದೇ ಇದೆ. ಆದಕಾರಣ ಬೋಧಕನು ಎರಡು ಹೆಜ್ಜೆಗಳನ್ನು ಇಡಬೇಕಾಗುತ್ತದೆ. ಭಯಪಟ್ಟ ಅರಸನಿಗೆ ಆ ಮಾತು ಏನನ್ನು ಹೇಳಿತೆಂಬುದು ಮೊದಲನೆಯದು. ಕ್ರಿಸ್ತನನ್ನು ನಂಬಿದವರು ಅದೇ ಮಾತಿನಲ್ಲಿ ಮತ್ತೊಂದು ತುಂಬಿದ ಅರ್ಥವನ್ನು ಏಕೆ ಕಂಡರೆಂಬುದು ಎರಡನೆಯದು. ಮೊದಲನೆಯದನ್ನು ಬಿಟ್ಟರೆ ಯೆಶಾಯನ ಎದುರಿಗೆ ನಿಂತಿದ್ದ ಆಹಾಜನಿಗೆ ಗುರುತೇ ದೊರೆಯದಂತಾಗುತ್ತದೆ. ಇದೇ ಗ್ರಂಥವನ್ನು ತಮ್ಮದೆಂದು ಇಂದಿಗೂ ಓದುವ ಯೆಹೂದ್ಯರ ಅರ್ಥವೂ ಕಣ್ಮರೆಯಾಗುತ್ತದೆ.

ಜ್ಞಾನಗ್ರಂಥಗಳ ದಾರಿ ಪ್ರವಾದಿಗಳದಕ್ಕಿಂತ ಭಿನ್ನವಾದುದು. ಜ್ಞಾನೋಕ್ತಿಗಳು, ಯೋಬ, ಪ್ರಸಂಗಿ ಎಂಬ ಮೂರು ಗ್ರಂಥಗಳಲ್ಲಿ ಮನುಷ್ಯಾನುಭವವೇ ಮಾತಿಗೆ ಆಧಾರ. ಜ್ಞಾನೋಕ್ತಿಗಳ ಒಂದು ಭಾಗಕ್ಕೂ ಈಜಿಪ್ಟಿನ ಅಮೆನೆಮೋಪೆಯ ಉಪದೇಶಕ್ಕೂ ಹತ್ತಿರದ ಸಾಮ್ಯವಿರುವುದು 1920ರ ದಶಕದಲ್ಲಿ ವಿದ್ವಾಂಸರ ಗಮನಕ್ಕೆ ಬಂದಿತು. ವಿವೇಕವು ಗಡಿಗಳನ್ನು ದಾಟಿ ಸಂಚರಿಸಿತೆಂಬುದಕ್ಕೆ ಇದು ಸಾಕ್ಷಿ. ಸರ್ವಜ್ಞನ ತ್ರಿಪದಿಗಳನ್ನು ಕೇಳಿ ಬೆಳೆದ ಕನ್ನಡಿಗನಿಗೆ ಈ ಗ್ರಂಥ ಬೇಗನೆ ಆಪ್ತವಾಗುವುದು ನಿಜ. ಆದರೆ ಒಂದು ತೊಡಕಿದೆ. ‘ಜ್ಞಾನ’ವೆಂದೊಡನೆ ಕನ್ನಡ ಕಿವಿಗೆ ಮೋಕ್ಷಸಾಧಕವಾದ ಆತ್ಮಜ್ಞಾನವು ನೆನಪಾಗುತ್ತದೆ. ಹೀಬ್ರೂವಿನ ‘ಹೊಖ್ಮಾ’ ಎಂಬುದಾದರೋ ದೇವದರ್ಶನದ ಗುಡಾರಕ್ಕೆ ಲೋಹ, ಮರ, ರತ್ನಗಳ ಕೆಲಸವನ್ನು ಮಾಡಿದ ಬೆಚಲೇಲನ ಕೈಚಳಕಕ್ಕೂ ಸಲ್ಲುವ ಶಬ್ದ. ಬಾಳುವೆಯನ್ನು ಒಂದು ಕಸುಬಿನಂತೆ ಕಲಿಯುವುದು ಅದರ ತಿರುಳು. ‘ವಿವೇಕ’ವೆಂಬ ಮಾತು ಇದಕ್ಕೆ ಹೆಚ್ಚು ಸಮೀಪ. ಹಾಗೆಯೇ ಈ ಜ್ಞಾನಕ್ಕೆ ಮೊದಲೆಂದು ಹೇಳಿರುವ ದೇವರ ‘ಭಯ’ವನ್ನು ಬರಿಯ ಅಂಜಿಕೆಯೆಂದು ಬೋಧಿಸುವುದಕ್ಕಿಂತ ಮನೆಮಾತಿನ ‘ಭಯಭಕ್ತಿ’ಯೆಂದು ವಿವರಿಸುವುದು ಉಚಿತ.

ಜ್ಞಾನಿಯ ಮಾತಿಗೆ ಸಂದರ್ಭವೇ ಪ್ರಾಣ. ಮೂರ್ಖನಿಗೆ ಅವನ ಮೂರ್ಖತನಕ್ಕೆ ತಕ್ಕಂತೆ ಉತ್ತರ ಕೊಡಬಾರದೆಂದು ಒಂದು ಜ್ಞಾನೋಕ್ತಿ ಹೇಳಿದರೆ, ಅದರ ಮರುವಚನವು ಕೊಡಬೇಕೆಂದು ಹೇಳುತ್ತದೆ. ಸಂಗ್ರಾಹಕರು ಇವೆರಡನ್ನೂ ಅಕ್ಕಪಕ್ಕದಲ್ಲಿಯೇ ಉಳಿಸಿದ್ದಾರೆ. ಯಾವ ಮಾತು ಯಾವ ವೇಳೆಗೆ ಎಂಬುದನ್ನು ಅರಿಯುವುದೇ ವಿವೇಕವೆಂಬುದು ಅದರ ಇಂಗಿತ. ಯೋಬನ ಗ್ರಂಥದಲ್ಲಿ ಇದು ಇನ್ನೂ ಸ್ಪಷ್ಟ. ನೋವಿನಲ್ಲಿದ್ದ ಯೋಬನಿಗೆ ಅವನ ಮಿತ್ರರು ಪಾಪಕ್ಕೆ ಫಲವೇ ದುಃಖವೆಂದು ಉಪದೇಶಿಸುತ್ತಾರೆ. ಕರ್ಮಸಿದ್ಧಾಂತಕ್ಕೆ ಒಗ್ಗಿದ ಕಿವಿಗೆ ಆ ಮಾತುಗಳು ಸರಿಯೆಂದೇ ತೋರುವುವು. ಆದರೆ ಗ್ರಂಥದ ಕೊನೆಯಲ್ಲಿ ದೇವರು ಆ ಮಿತ್ರರು ಸರಿಯಾದುದನ್ನು ಆಡಲಿಲ್ಲವೆಂದು ಕೋಪಗೊಳ್ಳುತ್ತಾನೆ. ಆ ಮಿತ್ರರ ಒಂದು ಚೆಲುವಾದ ವಚನವನ್ನು ಕಿತ್ತು ತೆಗೆದು, ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ದೇವರ ವಾಕ್ಯವೆಂದು ಹೇಳಿದರೆ ಬೋಧಕನು ಆ ಮಿತ್ರರ ಸಾಲಿಗೆ ಸೇರಿದಂತೆಯೇ.

‘ಪ್ರಸಂಗಿ’ಯಲ್ಲಿ ಮತ್ತೆ ಮತ್ತೆ ಬರುವ ‘ಹೆವೆಲ್’ ಎಂಬ ಶಬ್ದವನ್ನು ಕನ್ನಡದಲ್ಲಿ ‘ವ್ಯರ್ಥ’ವೆಂದು ಹೇಳುವ ವಾಡಿಕೆಯಿದೆ. ಅದರ ಮೂಲಾರ್ಥ ಉಸಿರು, ಆವಿ. ಕಾಯಿನನ ಕೈಯಿಂದ ಹತನಾದ ತಮ್ಮ ಹೇಬೆಲನ ಹೆಸರೂ ಇದೇ. ವೇದಾಂತದ ಮಾಯಾವಾದವನ್ನು ಇಲ್ಲಿ ಕಾಣುವುದು ಸುಲಭವಾದರೂ ಸರಿಯಲ್ಲ. ಲೋಕವು ಮಿಥ್ಯೆಯೆಂದು ಪ್ರಸಂಗಿಯು ಹೇಳುವುದಿಲ್ಲ. ಅದು ಕೈಹಿಡಿತಕ್ಕೆ ನಿಲ್ಲದು ಎನ್ನುತ್ತಾನೆ. ಆದುದರಿಂದಲೇ ಉಣ್ಣುವುದು, ಕುಡಿಯುವುದು, ದುಡಿಮೆಯಲ್ಲಿ ಸುಖಪಡುವುದು ದೇವರ ವರವೆಂದೂ ಹೇಳಬಲ್ಲವನಾಗುತ್ತಾನೆ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದದ ಕನ್ನಡ ಅನುವಾದಕ್ಕೆ ತೊಡಗಿದಂದಿನಿಂದ ಹೀಬ್ರೂ ಋಷಿಗಳ ಮಾತು ಕನ್ನಡದ ಹಳೆಯ ಶಬ್ದಗಳನ್ನು ಆಶ್ರಯಿಸಿಯೇ ಕನ್ನಡಿಗರಿಗೆ ತಲುಪಿದೆ. ಜ್ಞಾನ, ಭಯ, ವ್ಯರ್ಥ ಎಂಬುವು ಅದಕ್ಕೆ ಮೊದಲೇ ತುಂಬಿದ್ದ ಪಾತ್ರೆಗಳು. ಅವುಗಳಲ್ಲಿ ಹೊಸದನ್ನು ಎರೆದಾಗ ಹಳೆಯದರ ರುಚಿಯೂ ಬೆರೆಯುತ್ತದೆ. ಅನುವಾದಕನು ಒಂದು ಶಬ್ದವನ್ನು ಆರಿಸಿ ಸುಮ್ಮನಾಗಬೇಕಾಗುತ್ತದೆ. ಅದರ ಮಿತಿಯನ್ನು ಬಿಡಿಸಿ ಹೇಳುವ ಅವಕಾಶವಿರುವುದು ಪ್ರಸಂಗಪೀಠದಲ್ಲಿ ನಿಂತವನಿಗೆ. ನೆರೆಮನೆಯ ಉರ್ದು, ತೆಲುಗು, ಮರಾಠಿಗಳನ್ನು ಬಲ್ಲ ನಾಂಪಲ್ಲಿಯ ಕನ್ನಡ ಬೋಧಕನಿಗೆ ಈ ಕಾರ್ಯದಲ್ಲಿ ಉಳಿದವರಿಗಿಲ್ಲದ ಸಹಾಯ ಕೈಯಳತೆಯಲ್ಲಿಯೇ ಇದೆ.