ಎಂಟು ಇಂಚು ಮಳೆ ಅಂತ ಹೇಳಿ

2022ರ ಜೂನ್ 28, ಬೆಳಿಗ್ಗೆ 7.45. ಕೊಡಗಿನ ಮಡಿಕೇರಿ ತಾಲ್ಲೂಕಿನ ಚೆಂಬು, ಪೆರಾಜೆ, ಸಂಪಾಜೆ ಕಡೆ ನೆಲದೊಳಗಿಂದ ಗುಡುಗಿದಂಥ ಸದ್ದು. ಪಾತ್ರೆಗಳು ಗಲಗಲ ಅಂದವು, ಜನ ಅಂಗಳಕ್ಕೆ ಓಡಿದರು. ಕಂಪನದ ತೀವ್ರತೆ 3.0. ಮೂರು ದಿನ ಮೊದಲೂ ನೆಲ ಅದುರಿತ್ತು.

ಇಂಥ ಹೊತ್ತಿನಲ್ಲಿ ಮೈಕ್ ಹಿಡಿದ ಜನಪ್ರತಿನಿಧಿಯ ಬಾಯಿಗೆ ಮೊದಲು ಬರುವುದು ‘ಯಾರೂ ಆತಂಕಪಡಬೇಕಾಗಿಲ್ಲ’ ಎಂಬ ಮಾತು. ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೂ ಅದು ಅಪಾಯದ ಮಾತು.

ಇಟಲಿಯ ಲಾಕ್ವಿಲಾದಲ್ಲಿ 2009ರಲ್ಲಿ ತಿಂಗಳುಗಟ್ಟಲೆ ಹೀಗೇ ಸಣ್ಣ ಕಂಪನಗಳಾಗುತ್ತಿದ್ದವು. ನೆಲ ನಡುಗಿದ ರಾತ್ರಿ ಮನೆಯಾಚೆ ಕಳೆಯುವುದು ಅಲ್ಲಿನ ಹಳೆಯ ರೂಢಿ. ಮಾರ್ಚ್ ಕೊನೆಗೆ ಹಿರಿಯ ಅಧಿಕಾರಿಯೊಬ್ಬರು, ಅಪಾಯವಿಲ್ಲ, ಒಳಗಿನ ಶಕ್ತಿ ಸ್ವಲ್ಪಸ್ವಲ್ಪವೇ ಹೊರಹೋಗುತ್ತಿದೆ ಎಂಬರ್ಥದ ಮಾತಾಡಿದರು. ನಂಬಿದ ಕೆಲವರು ಒಳಗೇ ಉಳಿದರು. ಏಪ್ರಿಲ್ 6ರ ನಸುಕಿನಲ್ಲಿ 6.3 ತೀವ್ರತೆಯ ಭೂಕಂಪ; 309 ಸಾವು. ಆ ಸಮಾಧಾನದ ಹಿಂದಿನ ಲೆಕ್ಕವೇ ತಪ್ಪಾಗಿತ್ತು. ತೀವ್ರತೆ ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಚೆಂಬುವಿನಂಥ ಕಂಪನಗಳು ಸುಮಾರು 90 ಸಾವಿರ ಕೂಡಿದರೆ ಲಾಕ್ವಿಲಾದ ಆ ಒಂದಕ್ಕೆ ಸಮ! ಈ ಬಗ್ಗೆ ನಡೆದ ಮೊಕದ್ದಮೆಯಲ್ಲಿ ಅಧಿಕಾರಿಯ ಜೊತೆ ಆರೋಪಿಗಳಾಗಿದ್ದ ಆರು ವಿಜ್ಞಾನಿಗಳು ಮುಂದೆ ಖುಲಾಸೆಯಾದರು. ಆ ಅಧಿಕಾರಿಯ ಶಿಕ್ಷೆ ಕಡಿಮೆಯಾಯಿತು, ರದ್ದಾಗಲಿಲ್ಲ.

ಹಾಗಾದರೆ ಹೇಳಬೇಕಾದದ್ದೇನು? ಇಂಥ ಸಣ್ಣ ಕಂಪನಗಳು ಹೆಚ್ಚಿನ ಸಲ ತಾವಾಗಿ ನಿಲ್ಲುತ್ತವೆ, ಆದರೆ ನಾಳೆ ದೊಡ್ಡದು ಆಗುವುದೇ ಇಲ್ಲ ಅಂತ ಯಾರೂ ಹೇಳಲಾರರು. ಇಷ್ಟು ನಿಜ ಕೇಳಿದರೆ ಜನ ಕಂಗೆಟ್ಟು ದಿಕ್ಕಾಪಾಲಾಗುತ್ತಾರೆ ಎಂಬ ಹೆದರಿಕೆ ಆಡಳಿತಕ್ಕಿದೆ. ವಿಪತ್ತುಗಳ ಅಧ್ಯಯನ ತೋರಿಸಿರುವುದು ಬೇರೆ. ಅಂಥ ಗಾಬರಿ ಅಪರೂಪ. ಎಚ್ಚರಿಕೆ ಕೇಳಿದವರು ಮೊದಲು ಪಕ್ಕದ ಮನೆಯವರನ್ನು ವಿಚಾರಿಸುತ್ತಾರೆ, ನೆಂಟರಿಗೆ ಫೋನ್ ಮಾಡುತ್ತಾರೆ, ಆಮೇಲೆ ಹೊರಡುತ್ತಾರೆ. ಖಚಿತ ಮಾತು ಸಿಗದಿದ್ದರೆ ಆ ಜಾಗಕ್ಕೆ ವಾಟ್ಸಾಪಿನ ಗಾಳಿಸುದ್ದಿ ಬಂದು ಕೂರುತ್ತದೆ.

ಮಾತು ಜನರ ಅಳತೆಯಲ್ಲೂ ಇರಬೇಕು. ಮಳೆಯ ಎಚ್ಚರಿಕೆಯನ್ನೇ ನೋಡಿ. ಹವಾಮಾನ ಇಲಾಖೆಯ ಪ್ರಕಾರ ದಿನಕ್ಕೆ 204.5 ಮಿ.ಮೀ., ಅಂದರೆ ಸುಮಾರು ಎಂಟು ಇಂಚು, ದಾಟಿದರೆ ಅದು ಅತಿ ಭಾರಿ ಮಳೆಗಿಂತಲೂ ಮೇಲಿನ ವರ್ಗ. ಕೊಡಗಿನ ಬೆಳೆಗಾರರು ಮಳೆಯನ್ನು ಇಂಚಿನಲ್ಲಿ ಬರೆದಿಡುವವರು. ಎಂಟು ಇಂಚು ಅಂದರೆ ಅವರಿಗೆ ತಟ್ಟನೆ ತಿಳಿಯುತ್ತದೆ: ಒಂದು ಎಕರೆ ತೋಟದ ಮೇಲೆ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರು. ಚೆಂಬುವಿನಲ್ಲಿ ಅರೆಭಾಷೆಯಲ್ಲೂ ಹೇಳಲಿ; ತೋಟದ ಲೈನ್‌ಮನೆಗಳಲ್ಲಿರುವ ಅಸ್ಸಾಂ ಕಾರ್ಮಿಕರಿಗೆ ಅವರ ಮಾತಿನಲ್ಲೇ ತಲುಪಲಿ. 2018ರ ಆಗಸ್ಟಿನ ಮಳೆಗೆ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದ್ದನ್ನು ಕಂಡ ಜಿಲ್ಲೆಗೆ ‘ಜಾಗರೂಕರಾಗಿರಿ’ ಎಂಬಷ್ಟೇ ಮಾತು ಸಾಲದು.

ಮುಂದಿನ ಮಳೆಗಾಲದಲ್ಲಿ ಮಡಿಕೇರಿಯ ಮೈಕಿನಿಂದ ನಾನು ಕೇಳಬಯಸುವುದು ಇಷ್ಟು: “ಇವತ್ತು ರಾತ್ರಿ ಎಂಟು ಇಂಚು ಮಳೆ ಬೀಳಬಹುದು. ಹಿತ್ತಲ ಬರೆಯಲ್ಲಿ ಬಿರುಕು ಕಂಡರೆ, ತೋಡಿನ ನೀರು ಏಕಾಏಕಿ ಕೆಂಪಾದರೆ ಕಾಯಬೇಡಿ, ಶಾಲೆಗೆ ಬನ್ನಿ. ದನಗಳ ಹಗ್ಗ ಬಿಚ್ಚಿ ಬನ್ನಿ. ಒಂಬತ್ತು ಗಂಟೆಗೆ ಮತ್ತೆ ಮಾತಾಡುತ್ತೇನೆ.”