ಎರಡು ಸಾಲು, ಒಬ್ಬನೇ ವ್ಯಕ್ತಿಯೇ?
ಹಳೆಯ ದಾಖಲೆಗಳ ಪ್ರತಿಲಿಪಿ ಕಾರ್ಯದಲ್ಲಿ ದ್ವಿರುಕ್ತಿಯ ಸಮಸ್ಯೆ

(ಸಂಘದ ಉಪನ್ಯಾಸ ಕಾರ್ಯಕ್ರಮದಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಹೆಸರುಗಳ ಪಟ್ಟಿಯೊಂದರಲ್ಲಿ ಒಂದೇ ಹೆಸರು ಎರಡು ಸಲ ಕಂಡರೆ ನಮ್ಮ ಕೈ ತಾನಾಗಿಯೇ ಒಂದನ್ನು ಹೊಡೆದುಹಾಕಲು ಮುಂದಾಗುತ್ತದೆ. ಅದು ಮದುವೆಗೆ ಕರೆಯಬೇಕಾದವರ ಪಟ್ಟಿಯಾಗಿದ್ದರೆ ಅಂಥ ಹಾನಿಯೇನೂ ಇಲ್ಲ. ಹೆಚ್ಚೆಂದರೆ ಪಂಕ್ತಿಯಲ್ಲಿ ಒಂದು ಎಲೆ ಕಡಿಮೆ ಬಿದ್ದೀತು. ಆದರೆ ನೂರೈವತ್ತು ವರ್ಷಗಳ ಹಿಂದಿನ ಜನನ ಮರಣಗಳ ಪಟ್ಟಿಯಲ್ಲಿ ಹೀಗೆ ಹೊಡೆದುಹಾಕಿದ ಸಾಲು, ಒಬ್ಬ ಮನುಷ್ಯ ಈ ಲೋಕಕ್ಕೆ ಬಂದುಹೋದುದಕ್ಕೆ ಉಳಿದಿದ್ದ ಕೆಲವೇ ಗುರುತುಗಳಲ್ಲೊಂದಾಗಿರಬಹುದು. ಆದ್ದರಿಂದ ಇಂದು ತಮ್ಮ ಮುಂದೆ ಈ ಚಿಕ್ಕ ವಿಷಯವನ್ನೇ ತುಸು ವಿಸ್ತಾರವಾಗಿ ಇಡಬಯಸುತ್ತೇನೆ.

ಮೊದಲಿಗೆ ಹಿನ್ನೆಲೆ. ಇಂಗ್ಲೆಂಡಿನ ಚರ್ಚುಗಳಲ್ಲಿ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂಬ ಆಜ್ಞೆ ಹೊರಟದ್ದು 1538ರಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸರ್ಕಾರವೇ ಜನನ, ವಿವಾಹ, ಮರಣಗಳ ನೋಂದಣಿಯನ್ನು ಆರಂಭಿಸಿದ್ದು 1837ರ ಜುಲೈ 1ರಂದು. ಈ ನೋಂದಣಿಯ ಸೂಚಿಗಳನ್ನು ಓದಿ, ಗಣಕಯಂತ್ರದಲ್ಲಿ ಬೆರಳಚ್ಚಿಸಿ, ಯಾರು ಬೇಕಾದರೂ ಶುಲ್ಕವಿಲ್ಲದೆ ಹುಡುಕುವಂತೆ ಮಾಡುವ ‘ಫ್ರೀ ಬಿಎಂಡಿ’ ಎಂಬ ಸ್ವಯಂಸೇವಕರ ಕಾರ್ಯ 1998ರಲ್ಲಿ ಮೊದಲಾಯಿತು. ಚರ್ಚಿನ ಪುಸ್ತಕಗಳಿಗಾಗಿ ‘ಫ್ರೀ ರೆಗ್’ ಎಂಬ ಸೋದರ ಯೋಜನೆಯಿದೆ. ಸಂಬಳವಿಲ್ಲದೆ, ಸಂಜೆಯ ಬಿಡುವಿನಲ್ಲಿ ದುಡಿಯುವ ಜನರ ಶ್ರಮ ಇದು. ಅನೇಕ ಕೈಗಳು ಸೇರಿದ ಕೆಲಸದಲ್ಲಿ ಒಂದೇ ನಮೂದು ಎರಡು ಬಾರಿ ನುಸುಳುವುದು ಸಹಜ. ಹಾಗೆ ನುಸುಳಿದ್ದನ್ನು ಏನು ಮಾಡಬೇಕು?

ದ್ವಿರುಕ್ತಿಯಂತೆ ಕಾಣುವುದೆಲ್ಲವೂ ಒಂದೇ ಜಾತಿಯದಲ್ಲ. ಅದನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಒಂದೇ ಪುಟದ ಒಂದೇ ಸಾಲನ್ನು ಎರಡು ಸಲ ಬರೆದದ್ದು. ಇದರಲ್ಲಿಯೂ ಎರಡು ವಿಧ. ಒಂದು, ಅಜಾಗರೂಕತೆಯಿಂದ ಆದದ್ದು: ಇಬ್ಬರಿಗೆ ಒಂದೇ ಪುಸ್ತಕ ಹಂಚಿಕೆಯಾಗಿರುತ್ತದೆ, ಇಲ್ಲವೇ ಒಬ್ಬರು ತಮ್ಮ ಕಡತವನ್ನು ತಿದ್ದಿ ಮತ್ತೆ ಕಳುಹಿಸುವಾಗ ಹಳೆಯದನ್ನು ಹಿಂತೆಗೆದುಕೊಳ್ಳಲು ಮರೆತಿರುತ್ತಾರೆ. ಇನ್ನೊಂದು, ಬುದ್ಧಿಪೂರ್ವಕವಾಗಿ ಮಾಡಿದ್ದು. ಫ್ರೀ ಬಿಎಂಡಿಯಲ್ಲಿ ಒಂದೇ ಪುಟವನ್ನು ಇಬ್ಬರು ಸ್ವಯಂಸೇವಕರು ಪರಸ್ಪರ ನೋಡದೆ ಬರೆಯಬೇಕೆಂಬುದೇ ಉದ್ದೇಶ. ಇಬ್ಬರ ಓದೂ ಕೂಡಿಬಂದರೆ ಆ ನಮೂದು ದಪ್ಪಕ್ಷರದಲ್ಲಿ ಕಾಣುತ್ತದೆ. ಕೂಡಿಬರದಿದ್ದರೆ ಎರಡೂ ಓದುಗಳು ಬೇರೆ ಬೇರೆ ಸಾಲುಗಳಾಗಿ ಉಳಿಯುತ್ತವೆ. ಹಳೆಯ ಕೈಬರಹದಲ್ಲಿ ದೊಡ್ಡ ‘ಎಲ್’ ಅಕ್ಷರಕ್ಕೂ ದೊಡ್ಡ ‘ಎಸ್’ ಅಕ್ಷರಕ್ಕೂ ಭೇದ ತಿಳಿಯುವುದೇ ಕಷ್ಟ. ಒಬ್ಬರು ಲಾಂಗ್ ಎಂದು ಓದಿದ್ದನ್ನು ಇನ್ನೊಬ್ಬರು ಸಾಂಗ್ ಎಂದು ಓದಿದರೆ ಆಶ್ಚರ್ಯವಿಲ್ಲ. ಇಲ್ಲಿ ದ್ವಿರುಕ್ತಿ ದೋಷವಲ್ಲ. ಅದೇ ಪರೀಕ್ಷೆಯ ಸಾಧನ.

ಎರಡನೆಯದು, ಒಂದೇ ಘಟನೆಗೆ ಎರಡು ಮೂಲದಾಖಲೆಗಳಿರುವುದು. ಚರ್ಚಿನ ಪುಸ್ತಕದ ಒಂದು ನಕಲನ್ನು ಪ್ರತಿವರ್ಷ ಬಿಷಪ್ಪರಿಗೆ ಕಳುಹಿಸಬೇಕೆಂಬ ನಿಯಮ 1598ರಿಂದ ಜಾರಿಗೆ ಬಂದಿತು. ಹೀಗಾಗಿ ಒಂದೇ ದೀಕ್ಷಾಸ್ನಾನ ಎರಡು ಕಡೆ ದಾಖಲಾಗಿದೆ, ಕೆಲವೊಮ್ಮೆ ಹೆಸರಿನ ಕಾಗುಣಿತದ ವ್ಯತ್ಯಾಸದೊಡನೆ. ಮದುವೆಗೆ ಮುನ್ನ ಚರ್ಚಿನಲ್ಲಿ ಮೂರು ಭಾನುವಾರ ಪ್ರಕಟಣೆ ಓದುವ ಪದ್ಧತಿಯಿದೆ. ವಧೂವರರು ಬೇರೆ ಬೇರೆ ಪ್ಯಾರಿಷ್‌ಗಳವರಾದರೆ ಎರಡು ಕಡೆಯೂ ಓದಬೇಕು. ಆಗ ಒಂದೇ ಮದುವೆಯ ಸುತ್ತ ಮೂರು ನಮೂದುಗಳಾದವು. ನಿತ್ರಾಣ ಶಿಶುವಿಗೆ ಮನೆಯಲ್ಲಿಯೇ ದೀಕ್ಷಾಸ್ನಾನ ಮಾಡಿಸಿ, ಅದು ಚೇತರಿಸಿಕೊಂಡ ಬಳಿಕ ಚರ್ಚಿನಲ್ಲಿ ಬರಮಾಡಿಕೊಂಡಾಗ ಎರಡನ್ನೂ ಬರೆದವರುಂಟು. ಸರ್ಕಾರಿ ಸೂಚಿಯಲ್ಲಂತೂ ಪ್ರತಿಯೊಂದು ಮದುವೆಯೂ ವರನ ಹೆಸರಿನಡಿ ಒಮ್ಮೆ, ವಧುವಿನ ಹೆಸರಿನಡಿ ಒಮ್ಮೆ ಬರುತ್ತದೆ. ತಂದೆತಾಯಿಗಳು ವಿವಾಹವಾಗಿರದಿದ್ದಲ್ಲಿ ಮಗುವೊಂದು ಇಬ್ಬರ ಕುಲನಾಮಗಳಡಿಯೂ ಕಾಣಿಸಿಕೊಳ್ಳಬಹುದು. ಇವು ಒಂದೇ ಘಟನೆಯ ಎರಡು ಸಾಕ್ಷ್ಯಗಳು. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆಂದು ಯಾವ ನ್ಯಾಯಾಧೀಶರೂ ಒಬ್ಬರನ್ನು ಹೊರಗೆ ಕಳುಹಿಸುವುದಿಲ್ಲ.

ಮೂರನೆಯದೇ ಅಪಾಯದ ಬಗೆ: ಒಂದೇ ಎಂದು ತೋರುವ, ವಾಸ್ತವದಲ್ಲಿ ಎರಡಾಗಿರುವ ನಮೂದುಗಳು. ಕಲ್ಪಿತ ಉದಾಹರಣೆಯೊಂದನ್ನು ಕೊಡುತ್ತೇನೆ. ಜಾನ್ ಮತ್ತು ಮೇರಿ ದಂಪತಿಗಳ ಮಗ ವಿಲಿಯಂ, ದೀಕ್ಷಾಸ್ನಾನ 1821ರ ಮಾರ್ಚ್. ಅದೇ ಚರ್ಚು, ಅದೇ ತಂದೆತಾಯಿ, ಅದೇ ವಿಲಿಯಂ, 1823ರ ಜೂನ್. ಅವಸರದ ಕಣ್ಣಿಗೆ ಇದು ತಾರೀಖಿನ ತಪ್ಪೆಂದು ತೋರುತ್ತದೆ. ಆದರೆ ಶವಸಂಸ್ಕಾರದ ಪುಸ್ತಕ ತೆರೆದರೆ 1822ರಲ್ಲಿ ಒಂದು ವರ್ಷದ ವಿಲಿಯಂ ಅಲ್ಲಿದ್ದಾನೆ. ತೀರಿಕೊಂಡ ಮಗುವಿನ ಹೆಸರನ್ನೇ ಮುಂದಿನ ಮಗುವಿಗಿಡುವುದು ಆ ಕಾಲದ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿತ್ತು. ಮೊದಲ ಸಾಲನ್ನು ಅಳಿಸಿದವನು ತಪ್ಪನ್ನು ತಿದ್ದಿದವನಲ್ಲ. ಒಬ್ಬ ತಾಯಿಯ ಚೊಚ್ಚಲ ಮಗುವನ್ನು ಎರಡನೆಯ ಸಲ ಇಲ್ಲವಾಗಿಸಿದವನು.

ಇದಕ್ಕಿಂತಲೂ ಸೂಕ್ಷ್ಮವಾದುದು ಇನ್ನೊಂದಿದೆ. ಹೆಸರಿಡುವ ಮೊದಲೇ ನೋಂದಾಯಿತವಾದ ಶಿಶುಗಳನ್ನು ಸರ್ಕಾರಿ ಸೂಚಿಯಲ್ಲಿ ಕುಲನಾಮದ ಮುಂದೆ ‘ಗಂಡು’ ಅಥವಾ ‘ಹೆಣ್ಣು’ ಎಂಬರ್ಥದ ಪದವನ್ನಷ್ಟೇ ಬರೆದು ತೋರಿಸುತ್ತಿದ್ದರು. ಅಂಥ ಅವಳಿ ಹೆಣ್ಣುಮಕ್ಕಳು ಜನಿಸಿದ್ದರೆ ಕುಲನಾಮ, ಜಿಲ್ಲೆ, ಸಂಪುಟ, ಪುಟ ಎಲ್ಲವೂ ಅಕ್ಷರಶಃ ಒಂದೇ ಆದ ಎರಡು ಸಾಲುಗಳು ಮೂಲದಲ್ಲಿಯೇ ಇರಬಹುದು. ಯಂತ್ರ ಇವೆರಡರಲ್ಲಿ ಭೇದವನ್ನು ಕಾಣಲಾರದು. ಮೂಲಪುಟದ ಚಿತ್ರವನ್ನು ನೋಡಿ, ಸಾಲುಗಳು ನಿಜವಾಗಿಯೂ ಎರಡಿವೆ ಎಂದು ಎಣಿಸಿದ ಮನುಷ್ಯನ ಕಣ್ಣು ಮಾತ್ರವೇ ಆ ಇಬ್ಬರನ್ನೂ ಉಳಿಸಬಲ್ಲದು.

ಹಾಗೆಂದು ದ್ವಿರುಕ್ತಿಯನ್ನು ಹಾಗೆಯೇ ಬಿಟ್ಟುಬಿಡಲೂ ಆಗದು. ಒಂದೇ ಸಾಲು ನಾಲ್ಕು ಬಾರಿ ಕಂಡರೆ ಹುಡುಕುವವರು ದಿಕ್ಕುತಪ್ಪುತ್ತಾರೆ. ಊರಿನ ಜನಸಂಖ್ಯೆಯನ್ನು ಅಂದಾಜು ಮಾಡುವವರ ಲೆಕ್ಕ ಕೆಡುತ್ತದೆ. ಆದರೆ ನೆಗಡಿಯಾಯಿತೆಂದು ಮೂಗು ಕೊಯ್ಯಲಾದೀತೇ? ಅನುಸರಿಸಬೇಕಾದ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಮೊದಲು ಹೋಲಿಸಬೇಕಾದುದು ಹೆಸರನ್ನಲ್ಲ, ವಿಳಾಸವನ್ನು. ವಿಳಾಸವೆಂದರೆ ಆ ನಮೂದು ಎಲ್ಲಿದೆ ಎಂಬುದು: ಯಾವ ದಾಖಲಾಗಾರ, ಯಾವ ಪುಸ್ತಕ, ಎಷ್ಟನೆಯ ಪುಟ, ಎಷ್ಟನೆಯ ಸಾಲು. 1813ರಿಂದ ಇಂಗ್ಲೆಂಡಿನ ದೀಕ್ಷಾಸ್ನಾನ ಮತ್ತು ಶವಸಂಸ್ಕಾರದ ಪುಸ್ತಕಗಳು ಮುದ್ರಿತ ನಮೂನೆಯಲ್ಲಿದ್ದು, ಪ್ರತಿ ನಮೂದಿಗೂ ಕ್ರಮಸಂಖ್ಯೆಯಿದೆ. ಅಲ್ಲಿ ಕೆಲಸ ಸುಲಭ. ವಿಳಾಸ ಒಂದೇ ಆದರೆ ಅದು ಮೊದಲ ಬಗೆಯ ದ್ವಿರುಕ್ತಿ. ಬೇರೆಯಾದರೆ ಹೆಸರು ಎಷ್ಟೇ ಹೊಂದಿದರೂ ಎರಡನ್ನೂ ಇಟ್ಟುಕೊಳ್ಳಬೇಕು. ಆದ್ದರಿಂದಲೇ ಪ್ರತಿಲಿಪಿಕಾರರು ಪುಟ ಮತ್ತು ಸಾಲಿನ ಸಂಖ್ಯೆ ಬರೆಯಲು ಬೇಸರಿಸಬಾರದು.

ಎರಡನೆಯದಾಗಿ, ಮೂಲದಲ್ಲಿದ್ದುದನ್ನು ಇದ್ದಂತೆಯೇ ಬರೆಯಬೇಕು, ಅದು ತಪ್ಪೆಂದು ತಿಳಿದಿದ್ದರೂ. ಓದಲಾಗದ ಒಂದು ಅಕ್ಷರಕ್ಕೆ ಅಡಿಗೆರೆ, ಹಲವು ಅಕ್ಷರಗಳಿಗೆ ನಕ್ಷತ್ರಚಿಹ್ನೆ ಹಾಕುವ ಏರ್ಪಾಡು ಫ್ರೀ ಬಿಎಂಡಿಯಲ್ಲಿದೆ. ಊಹೆಯಿಂದ ತುಂಬಿದ ಅಕ್ಷರ ಹೊಸದೊಂದು ‘ವ್ಯಕ್ತಿ’ಯನ್ನೇ ಸೃಷ್ಟಿಸಿಬಿಡುತ್ತದೆ.

ಮೂರನೆಯದಾಗಿ, ತಾರೀಖಿನ ಬಗ್ಗೆ ಎಚ್ಚರವಿರಲಿ. 1752ಕ್ಕೆ ಮುನ್ನ ಇಂಗ್ಲೆಂಡಿನಲ್ಲಿ ವರ್ಷಾರಂಭವಾಗುತ್ತಿದ್ದುದು ಮಾರ್ಚ್ 25ರಂದು. ಪುಸ್ತಕದಲ್ಲಿ 1720ರ ಫೆಬ್ರವರಿ ಎಂದಿರುವುದು ನಮ್ಮ ಎಣಿಕೆಯಲ್ಲಿ 1721. ಒಬ್ಬರು ಇದ್ದಂತೆ ಬರೆದು ಇನ್ನೊಬ್ಬರು ತಿದ್ದಿ ಬರೆದರೆ, ಒಂದೇ ಮಗು ಎರಡು ವರ್ಷಗಳಲ್ಲಿ ಹುಟ್ಟಿದಂತೆ ತೋರುತ್ತದೆ.

ನಾಲ್ಕನೆಯದಾಗಿ, ಅಳಿಸುವುದಕ್ಕಿಂತ ಜೋಡಿಸುವುದು ಮೇಲು. ಎರಡು ನಮೂದುಗಳು ಒಂದೇ ಘಟನೆಯವೆಂದು ಮನವರಿಕೆಯಾದಾಗ ಅವುಗಳಿಗೆ ಸಂಬಂಧ ಕಲ್ಪಿಸಿ, ಕಾರಣವನ್ನು ಪಕ್ಕದಲ್ಲಿ ಬರೆದಿಡಬೇಕು. ನಮ್ಮ ತೀರ್ಮಾನ ತಪ್ಪಾಗಿದ್ದರೆ ಮುಂದಿನವರು ಆ ಗಂಟನ್ನು ಬಿಚ್ಚಬಹುದು. ಅಳಿಸಿದ್ದನ್ನು ಯಾರೂ ಬಿಚ್ಚಲಾರರು. ಅಕಸ್ಮಾತ್ತಾಗಿ ಎರಡು ಸಲ ಸೇರಿದ ಕಡತವನ್ನು ಮಾತ್ರ, ಪುಟದ ಚಿತ್ರದೊಡನೆ ತಾಳೆ ನೋಡಿ, ಹಿಂತೆಗೆದುಕೊಳ್ಳಬಹುದು. ಯಾವ ಪುಸ್ತಕ ಯಾರ ಬಳಿಯಿದೆ ಎಂಬ ಹಂಚಿಕೆಯ ಲೆಕ್ಕವನ್ನು ಮೊದಲೇ ಇಟ್ಟಿದ್ದರೆ ಆ ಪ್ರಸಂಗವೇ ಕಡಿಮೆಯಾದೀತು.

ಈ ವಿವೇಕ ನಮಗೆ ಹೊಸತೇನೂ ಅಲ್ಲ. ಓಲೆಗರಿಗಳಿಂದ ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ನಮ್ಮ ವಿದ್ವಾಂಸರು, ಪ್ರತಿಗಳಲ್ಲಿ ಭೇದ ಕಂಡಾಗ ಒಂದನ್ನು ಸ್ವೀಕರಿಸಿ ಉಳಿದುದನ್ನು ಸುಟ್ಟುಹಾಕಲಿಲ್ಲ. ಪುಟದ ಅಡಿಯಲ್ಲಿ ಪಾಠಾಂತರವೆಂದು ಕೊಟ್ಟರು. ಲಿಪಿಕಾರನ ಸ್ಖಾಲಿತ್ಯವೆಂದು ತಮಗೆ ತೋರಿದ್ದು ಮುಂದೊಬ್ಬನಿಗೆ ಶುದ್ಧಪಾಠವಾಗಿ ಕಾಣಬಹುದೆಂಬ ವಿನಯ ಅವರದು. ವಂಶಾವಳಿಯ ದಾಖಲೆಗೂ ಬೇಕಾದುದು ಅದೇ ವಿನಯ.

ಇಂಗ್ಲೆಂಡಿನ ಈ ಪುಸ್ತಕಗಳಿಗೂ ನಮಗೂ ಏನು ಸಂಬಂಧವೆಂದು ಕೆಲವರಿಗೆ ಅನ್ನಿಸಿರಬಹುದು. ಬೆಂಗಳೂರಿನ ದಂಡು ಪ್ರದೇಶದಲ್ಲಿ, ಬಳ್ಳಾರಿಯಲ್ಲಿ ನಡೆದ ಬ್ರಿಟಿಷರ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳ ನಕಲುಗಳು ಮದರಾಸಿನ ಮೂಲಕ ಲಂಡನ್ನಿಗೆ ಬಂದು, ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳಿಗಾಗಿ 1998ರಲ್ಲಿ ಸ್ಥಾಪಿತವಾದ ‘ಫಿಬಿಸ್’ ಸಂಸ್ಥೆಯ ಸ್ವಯಂಸೇವಕರು ಇಂಥ ದಾಖಲೆಗಳ ಪ್ರತಿಲಿಪಿ ಮಾಡುತ್ತಿದ್ದಾರೆ. ನಮ್ಮ ಊರುಗಳ ಹೆಸರನ್ನು ಸರಿಯಾಗಿ ಓದಬಲ್ಲ ಕನ್ನಡಿಗರ ನೆರವು ಅಲ್ಲಿ ವ್ಯರ್ಥವಾಗದು.

ಇನ್ನೂ ಹತ್ತಿರದ ಸಂಬಂಧವೆಂದರೆ ನಮ್ಮ ಮಕ್ಕಳೇ. ಈ ದೇಶದಲ್ಲಿ ಹುಟ್ಟಿದವರು ಈ ದೇಶದ ಸೂಚಿಯಲ್ಲಿದ್ದಾರೆ. ಕುಲನಾಮವೇ ಇಲ್ಲದ ನಮ್ಮವರಲ್ಲಿ ಹಿರಿಯ ಮಗುವಿಗೆ ತಂದೆಯ ಹೆಸರು, ಕಿರಿಯ ಮಗುವಿಗೆ ಊರಿನ ಹೆಸರು ಕುಲನಾಮವಾಗಿ ದಾಖಲಾಗಿದ್ದರೆ, ಒಂದೇ ಬಸಿರಿನ ಇಬ್ಬರು ಬೇರೆ ಬೇರೆ ಮನೆತನದವರಂತೆ ಕಂಡಾರು. ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವ ನಮ್ಮ ಮನೆಗಳಲ್ಲಿ ಅಜ್ಜ ಮೊಮ್ಮಗ ಇಬ್ಬರೂ ಒಬ್ಬನೇ ಎಂದು ಯಾರಾದರೂ ಒಂದು ಸಾಲನ್ನು ಅಳಿಸಿಯಾರು. ಊರಿನಲ್ಲಾದರೆ ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿಯನ್ನು ಹೇಳುವ ಹೆಳವರಿದ್ದರು; ಯಾವ ಹೆಸರು ಯಾವ ತಲೆಮಾರಿನದೆಂಬುದು ಅವರಿಗೆ ಗೊತ್ತಿತ್ತು. ಇಲ್ಲಿ ಆ ಕೆಲಸ ನಮ್ಮದೇ. ಮನೆಯ ವಂಶವೃಕ್ಷ ಬರೆಯುವಾಗ ಪ್ರತಿ ಹೆಸರಿನ ಪಕ್ಕದಲ್ಲಿ ಹುಟ್ಟಿದ ವರ್ಷ, ಊರು, ಈ ಮಾಹಿತಿ ಯಾರಿಂದ ತಿಳಿಯಿತೆಂಬುದು, ಇಷ್ಟನ್ನು ಬರೆದಿಡಿ. ಎರಡು ಕಡೆ ಎರಡು ರೀತಿಯಾಗಿ ಕೇಳಿಬಂದರೆ ಎರಡನ್ನೂ ಬರೆಯಿರಿ. ಮುಂದೆ ಹುಡುಕಿಕೊಂಡು ಬರುವ ಮೊಮ್ಮಕ್ಕಳಿಗೆ ಒಂದು ಹೆಚ್ಚಿನ ಸಾಲು ಭಾರವಾಗದು. ಇಲ್ಲದ ಸಾಲನ್ನು ಮಾತ್ರ ಅವರು ಎಲ್ಲಿಂದಲೂ ತರಲಾರರು.